ಹುಲ್ಲುಟೋಪಿಯ ನೆರಳು

ಕೆಂಡಲ್ ಪಾರ್ಕ್, ನ್ಯೂಜೆರ್ಸಿ
ಫೆಬ್ರವರಿ 6, 2024

ಚಿ. ಕ್ಷಮಾ,

ಆಶೀರ್ವಾದ. ಕ್ಷೇಮ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ, ಮೊದಲು ಜಗಳ ಮುಗಿಸೋಣ. ಫೋನಿನಲ್ಲಿ ಜಗಳವಾಡಲು ನೀನು ಬಿಡುವುದಿಲ್ಲ. ಎರಡನೇ ಮಾತಿಗೇ "ಅಮ್ಮ, ಐ ಹ್ಯಾವ್ ಟು ಗೋ" ಎನ್ನುತ್ತೀಯ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ಮೂರು ವಾರದ ಹಿಂದೆ ನಾನು ನಿನ್ನ ದ್ವೀಪಕ್ಕೆ ಬಂದಿದ್ದೆ.

ಹೌದು, ನಾನೇ. ಪಕ್ಕದ ಬೀದಿಯ ಬಸಲಿಂಗಮ್ಮ ಮತ್ತು ಅವರ ಯಜಮಾನರು ಚಂದ್ರಶೇಖರ, ಬಯೋನ್ ಬಂದರಿನಿಂದ ಹೊರಡುವ ಹನ್ನೆರಡು ದಿನದ ಕ್ರೂಸಿಗೆ ಟಿಕೆಟ್ ಮಾಡಿಸುತ್ತಿದ್ದರು. "ನೀವೂ ಬರ್ರಿ ಕೌಸಲ್ಯಾ, ನಿಮ್ಮ ಯಜಮಾನ್ರು ಹೋದಾಗಿಂದ ಮನಿ ಬಿಟ್ಟು ಹೊರಗ ಬಿದ್ದಿಲ್ಲ" ಎಂದು ಬಸಲಿಂಗಮ್ಮ ಕರೆದರು. ಮೊದಲು ಒಲ್ಲೆ ಎಂದೆ. ಆಮೇಲೆ ಹಡಗು ನಿಲ್ಲುವ ಊರುಗಳ ಪಟ್ಟಿ ನೋಡಿದೆ. ನಾಲ್ಕನೆಯದು ನಿನ್ನ ಊರು. ಮರುದಿನವೇ ಹೂಂ ಎಂದೆ. ಕಾರಣ ಅವರಿಗೆ ಹೇಳಲಿಲ್ಲ. ನಿನಗೆ ತಿಳಿಸಿದ್ದರೆ ಬೇಡ ಎನ್ನುತ್ತಿದ್ದೆ, ಮೂರು ವರ್ಷದಿಂದ ಅದನ್ನೇ ಅನ್ನುತ್ತಿದ್ದೀಯಲ್ಲ.

ಯುಗಾದಿಗೊಂದು, ನನ್ನ ಹುಟ್ಟುಹಬ್ಬಕ್ಕೊಂದು ಕಾರ್ಡು ಕಳಿಸುತ್ತೀಯಲ್ಲ, ಅದರ ಮೇಲಿನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮಸಾಲೆ ಪದಾರ್ಥದ ಕಂಪನಿಯಲ್ಲಿ ಕೆಲಸ ಎಂದು ನೀನು ಬರೆದಿದ್ದೆ. ಆಫೀಸು ಇರುತ್ತದೆ, ಮುಂದೆ ಒಂದು ಸೋಫಾ ಇರುತ್ತದೆ, ನಾನು ಹೋಗಿ ಕೂರುತ್ತೇನೆ, ನೀನು ಒಳಗಿನಿಂದ ಬಂದು ನೋಡುತ್ತೀಯ. ಹಡಗಿನಲ್ಲಿ ದಿನವೂ ಇದೇ ಯೋಚನೆ.

ಹಡಗು ಬೆಳಿಗ್ಗೆ ಎಂಟು ಗಂಟೆಗೆ ನಿಂತಿತು. ಮಧ್ಯಾಹ್ನ ಎರಡು ಗಂಟೆಯೊಳಗೆ ವಾಪಸ್ಸು ಹತ್ತಬೇಕು. ಬಂದರಿನ ಗೇಟು ದಾಟಿದರೆ ರಸ್ತೆಯ ಎರಡೂ ಕಡೆ ಮಾರುವವರು. ಕಪ್ಪೆಚಿಪ್ಪಿನ ಸರ, ಟವೆಲ್ಲು, ಟೋಪಿ, ಏನು ಬೇಕು. ಕೈ ಹಿಡಿಯುವುದೊಂದು ಬಾಕಿ. ಚಂದ್ರಶೇಖರ ಪಾಪ ಒಬ್ಬೊಬ್ಬರಿಗೂ ನಿಂತು "ನೋ, ಥ್ಯಾಂಕ್ಯೂ" ಹೇಳುತ್ತಾ ಹೋದರು. ರಸ್ತೆ ಮುಗಿಯುವಷ್ಟರಲ್ಲಿ ಅವರ ಕೊರಳಲ್ಲಿ ಎರಡು ಸರ, ತಲೆಯ ಮೇಲೆ ತಾಳೆಗರಿಯ ಟೋಪಿ.

ನನ್ನ ಹತ್ತಿರ ಇದೆಲ್ಲ ನಡೆಯುತ್ತದೆಯೇ? ದೇವರಾಜ ಮಾರ್ಕೆಟ್ಟಿನಲ್ಲಿ ಓಡಾಡಿ ಬೆಳೆದವಳು ನಾನು. ಮಾರುವವರಿಗೆ ಕಣ್ಣು ಕೊಡಬಾರದು, ಕೊಟ್ಟರೆ ಅರ್ಧ ವ್ಯಾಪಾರ ಆದಂತೆಯೇ. ನೆಲ ನೋಡಿಕೊಂಡು, ಕೈ ಎತ್ತಿ ಅಡ್ಡ ಹಿಡಿದು ನಡೆದೆ. ಬಸಲಿಂಗಮ್ಮ ಬೇರೆ ಒಂದು ಉಪಾಯ ಹೇಳಿಕೊಟ್ಟಿದ್ದರು, ಅದು ಈಗ ಬೇಡ. ಕಣ್ಣಂಚಿನಲ್ಲಿ ಕಂಡ ಹುಲ್ಲಿನ ಟೋಪಿಯವಳೊಬ್ಬಳು ಮಾತ್ರ ಬಿಡಲಿಲ್ಲ. ಹತ್ತು ಹೆಜ್ಜೆಯವರೆಗೂ ಬೆನ್ನ ಹಿಂದೆಯೇ ಬಂದಳು. ಅವಳ ಟೋಪಿಯ ನೆರಳು ನನ್ನ ಚಪ್ಪಲಿಯ ಪಕ್ಕದಲ್ಲೇ ಬರುತ್ತಿತ್ತು. ನಾನು ಎತ್ತಿದ ಕೈ ಇಳಿಸಲಿಲ್ಲ, ನೆರಳು ಹಿಂದೆ ಬಿತ್ತು.

ಇಷ್ಟೆಲ್ಲ ಗೆದ್ದು ಹೋದರೆ, ಆಫೀಸಿನದು ಎಂದುಕೊಂಡಿದ್ದ ನಿನ್ನ ವಿಳಾಸ ಅಂಚೆ ಕಚೇರಿಯ ಒಂದು ಪೆಟ್ಟಿಗೆ. ಗೋಡೆಯಲ್ಲಿ ಸಾಲಾಗಿ ಸಣ್ಣ ಬಾಗಿಲುಗಳು, ಒಂದರ ಮೇಲೆ ನಿನ್ನ ನಂಬರು. ಗುಮಾಸ್ತೆಯನ್ನು ಕೇಳಿದೆ, ಹೇಳುವ ಹಾಗಿಲ್ಲ ಎಂದಳು. ಅಲ್ಲಿಯ ಬೆಂಚಿನ ಮೇಲೆ ಹನ್ನೆರಡೂವರೆವರೆಗೆ ಕೂತಿದ್ದೆ, ನೀನು ಟಪಾಲು ತೆಗೆದುಕೊಳ್ಳಲು ಬರಬಹುದೆಂದು. ನೀನು ಬರಲಿಲ್ಲ. ಅದೇ ರಸ್ತೆಯಲ್ಲಿ ಹಾಗೆಯೇ ಕೈ ಅಡ್ಡ ಹಿಡಿದು ವಾಪಸ್ಸು ನಡೆದೆ.

ಆಫೀಸು ಎಲ್ಲಿದೆ ಕ್ಷಮಾ? ಇದೆಯೋ ಇಲ್ಲವೋ? ಉತ್ತರ ಬರೆ.

ನಾನು ಕ್ಷೇಮ.

ಅಮ್ಮ

*

ಬಂದರು ಪೇಟೆ
ಮಾರ್ಚ್ 2, 2024

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಕನ್ನಡ ಬರೆದು ಬಹಳ ದಿನ ಆಯಿತು, ತಪ್ಪಿದ್ದರೆ ಮನ್ನಿಸು. ಹನ್ನೊಂದು ವರ್ಷದವಳನ್ನು ಮೈಸೂರಿನಿಂದ ಎತ್ತಿಕೊಂಡು ಬಂದದ್ದು ನೀನೂ ಅಪ್ಪನೂ.

ಹೇಳದೆ ಬಂದದ್ದು ನಿನ್ನ ಹಠ. ಆಫೀಸಿನ ಬಗ್ಗೆ ಈಗ ಬರೆಯಲಾರೆ.

ಇಲ್ಲಿ ಮಾರುವವರನ್ನು ನೀನು ಚೆನ್ನಾಗಿ ನಿಭಾಯಿಸಿದೆ ಎಂದು ಗೊತ್ತಾಯಿತು. ಆದರೂ ಒಂದು ಮಾತು. ಹಡಗು ವಾರಕ್ಕೆ ಮೂರು ಸಲ ಬರುತ್ತದೆ, ಆರು ಗಂಟೆ ಇರುತ್ತದೆ. ಅದರಲ್ಲಿ ಅರ್ಧ ಜನ ಬಸ್ಸು ಹತ್ತಿ ಬೀಚಿಗೆ ಹೋಗುತ್ತಾರೆ. ಉಳಿದವರು ನಡೆದು ಹೋಗುವ ಆ ನೂರು ಗಜ ರಸ್ತೆಯಲ್ಲೇ ಇವರ ಸಂಸಾರ ನಡೆಯಬೇಕು. ಅದಕ್ಕೇ ಹಿಂದೆ ಬರುತ್ತಾರೆ, ಖುಷಿಗೆ ಬರುವುದಿಲ್ಲ.

ಮತ್ತೆ, ಅಂಥ ಬಿಸಿಲಿನಲ್ಲಿ ನೀಲಿ ಚೂಡಿದಾರದ ಮೇಲೆ ಅಪ್ಪನ ಬೂದು ಸ್ವೆಟರ್ ಯಾಕೆ ಹಾಕಿಕೊಂಡಿದ್ದೆ? ಮೊಣಕೈ ಹತ್ತಿರ ಹರಿದಿದೆ. ಹೊಲಿಸು.

ಕ್ಷಮಾ

*

ಕೆಂಡಲ್ ಪಾರ್ಕ್
ಮಾರ್ಚ್ 15, 2024

ಕ್ಷಮಾ,

ಸ್ವೆಟರಿನ ವಿಷಯ ನಾನು ನಿನಗೆ ಬರೆದಿರಲಿಲ್ಲ.

ಇದು ನಿನಗೆ ಹೇಗೆ ಗೊತ್ತು? ಚಂದ್ರಶೇಖರ ಫೋಟೋ ಹಾಕಿದ್ದಾರೇನೋ ಎಂದು ಅವರಿಗೆ ಫೋನ್ ಮಾಡಿದೆ. ಹಾಕಿಲ್ಲ. ಹರಿದದ್ದು ಎಡ ಮೊಣಕೈ. ಅದು ಕಾಣಬೇಕಾದರೆ ಹತ್ತಿರದಿಂದ, ಹಿಂದಿನಿಂದ ನೋಡಿರಬೇಕು. ಆಗ ಆ ನೆರಳು ನೆನಪಾಯಿತು.

ಅದು ನೀನೇ ಅಲ್ಲವೇ?

ಮೊದಲು ಕೋಪ ಬಂತು, ಸುಳ್ಳೇಕೆ ಹೇಳಲಿ. ಹೆತ್ತ ತಾಯಿ ಹೋಗುತ್ತಿದ್ದರೆ "ಅಮ್ಮ" ಎಂದು ಒಂದು ಸಲ ಕರೆಯಲು ಏನಾಗಿತ್ತು ಎಂದು ಬೈದುಕೊಂಡೆ. ಆಮೇಲೆ ಸಂಕಟವಾಯಿತು. ಎರಡು ದಿನ ಅಡುಗೆ ಮಾಡಲಿಲ್ಲ. ಬಸಲಿಂಗಮ್ಮ ರೊಟ್ಟಿ ತಂದು ಕೊಟ್ಟು ಎದುರಿಗೆ ಕೂತು ತಿನ್ನಿಸಿ ಹೋದರು. ಅವರಿಗೆ ಎಲ್ಲ ಹೇಳಿಬಿಟ್ಟೆ.

ಅವರ ಉಪಾಯ ಏನೆಂದು ಈಗ ಹೇಳುತ್ತೇನೆ. ಎರಡು ವರ್ಷದಿಂದ ನನಗೆ ಕಿವಿ ಮಂದ. ಮಷೀನು ಹಾಕಿಕೊಳ್ಳುತ್ತೇನೆ, ನಿನಗೆ ಹೇಳಿರಲಿಲ್ಲ. ಹಡಗಿನಿಂದ ಇಳಿಯುವಾಗ ಬಸಲಿಂಗಮ್ಮ, "ಕಿವ್ಯಾಗಿಂದು ತಗದು ಪರ್ಸಿನ್ಯಾಗ ಇಟ್ಕೊಳ್ರಿ. ಕೇಳಿಸಿದ್ರ ಕರಗ್ತೀರಿ" ಎಂದರು. ತೆಗೆದಿಟ್ಟೆ. ನೀನು ಏನು ಕೂಗಿದೆಯೋ ನನಗೆ ಒಂದೂ ಕೇಳಿಸಿಲ್ಲ. ನಿನ್ನನ್ನು ಹುಡುಕುವ ಆತುರದಲ್ಲಿ ನಿನ್ನನ್ನೇ ಕೈ ಅಡ್ಡ ಹಿಡಿದು ದಾಟಿ ಹೋದೆ. ಇದನ್ನು ಹೇಗೆ ಸಹಿಸಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಸ್ವೆಟರ್ ಯಾಕೆ ಎಂದು ಕೇಳಿದೆ. ನನ್ನ ಮೇಲೆ ಎಷ್ಟು ಕೋಪವಿದ್ದರೂ ಅಪ್ಪನ ಸ್ವೆಟರಿನ ಮೇಲೆ ನಿನಗೆ ಕೋಪ ಇರಲಾರದು ಎಂದು ಹಾಕಿಕೊಂಡೆ.

ಅಮ್ಮ

*

ಬಂದರು ಪೇಟೆ
ಏಪ್ರಿಲ್ 20, 2024

ಅಮ್ಮ,

ಹೌದು, ನಾನೇ.

ನಿನಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಅದನ್ನು ಓದಿ ನನಗೆ ನಾಚಿಕೆಯಾಯಿತು. ಎರಡು ವರ್ಷ ನಾನು ಫೋನ್ ಬೇಗ ಇಡುತ್ತಿದ್ದದ್ದು, ನಾನು ಹೇಳಿದ್ದನ್ನೇ ನೀನು ಮತ್ತೆ ಮತ್ತೆ ಕೇಳುತ್ತೀಯ ಎಂಬ ಸಿಟ್ಟಿಗೆ.

ಪೂರ್ತಿ ಹೇಳಿಬಿಡುತ್ತೇನೆ. ಕಂಪನಿ ಇಲ್ಲ. ಮಿಸ್ ಆರ್ಲೀನ್ ಎನ್ನುವ ಹೆಂಗಸಿನ ಮಳಿಗೆ ಇದೆ, ಒಂದು ಮೇಜು, ಮೇಲೆ ಒಂದು ಟಾರ್ಪಾಲು. ಅವಳಿಗೆ ನಿನ್ನದೇ ವಯಸ್ಸು. ಜಾಯಿಕಾಯಿ, ಲವಂಗ, ಚಕ್ಕೆ ಪೋಣಿಸಿದ ಹಾರಗಳನ್ನು ಮಾರುತ್ತೇವೆ, ಜನ ಅಡುಗೆಮನೆಯಲ್ಲಿ ತೂಗು ಹಾಕುತ್ತಾರೆ. ಅಪ್ಪ ಹೋದ ಮೇಲೆ ಆರು ತಿಂಗಳು ರಜೆ ಹಾಕಿ ಬಂದೆನಲ್ಲ, ಆಗ ಇವಳ ಮಳಿಗೆಯ ಮುಂದೆ ನಿಂತಿದ್ದೆ. ಅವಳು ಸೂಜಿ ಚುಚ್ಚುತ್ತಿದ್ದಳು, ಲವಂಗ ಒಡೆಯುತ್ತಿತ್ತು. ನಾನು ಕೂತು, ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದ ಹಾಗೆ ಬೆರಳಲ್ಲೇ ದಾರ ಸುತ್ತಿ ಕಟ್ಟಿ ತೋರಿಸಿದೆ. ಒಂದೂ ಒಡೆಯಲಿಲ್ಲ. ಮರುದಿನವೂ ಹೋದೆ. ಪ್ರಿನ್ಸ್‌ಟನ್ನಿನ ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ, ಒಂದು ದಿನವೂ ನಾಳೆ ಯಾವಾಗ ಬರುತ್ತದೆ ಎಂದು ಅನ್ನಿಸಿರಲಿಲ್ಲ. ಇಲ್ಲಿ ಅನ್ನಿಸಿತು.

ಕೆಲಸ ಬಿಡುತ್ತೇನೆ ಎಂದಾಗ ಅಡುಗೆಮನೆಯಲ್ಲಿ ನಿಂತು ನೀನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ಓದಿಸಿದ್ದೆಲ್ಲ ದಂಡ. ಹೋಗು, ಬೀದೀಲಿ ನಿಂತು ಏನಾದ್ರೂ ಮಾರ್ಕೋ." ನಾನು ಅದನ್ನೇ ಮಾಡುತ್ತಿದ್ದೆ, ಅಮ್ಮ. ಅದಕ್ಕೇ ಕಂಪನಿ ಎಂದು ಬರೆದೆ.

ಆವತ್ತು ಗೇಟಿನ ಹತ್ತಿರ ಅಪ್ಪನ ಸ್ವೆಟರ್ ಕಾಣಿಸಿತು. ಮೊದಲು ಸ್ವೆಟರ್, ಆಮೇಲೆ ನೀನು. ನನ್ನ ಕೈತುಂಬ ಹಾರ. ಅಮ್ಮ ಎನ್ನಲು ಬಾಯಿ ಬರಲಿಲ್ಲ. ಎಲ್ಲರಿಗೂ ಕೂಗುವ ಹಾಗೇ ಕೂಗಿದೆ, "ಮೇಡಂ, ನೋಡೋಕೆ ದುಡ್ಡಿಲ್ಲ, ಬಂದು ನೋಡಿ" ಎಂದು ಇಂಗ್ಲಿಷಿನಲ್ಲಿ. ನೀನು ತಲೆ ಎತ್ತಿದರೆ ಎಲ್ಲ ಹೇಳಿಬಿಡುವುದು ಎಂದುಕೊಂಡಿದ್ದೆ. ನೀನು ಕೈ ಎತ್ತಿದೆ. ಆ ಕೈ ನನಗೆ ಗೊತ್ತು, ದಸರಾದಲ್ಲಿ ಬಲೂನು ಕೇಳಿದಾಗ ಎತ್ತುತ್ತಿದ್ದ ಕೈ. ವಾಪಸ್ಸು ಹೋಗುವಾಗ ಇನ್ನೊಂದು ಸಲ ಕೂಗಿದೆ. ಆಗಲೂ ಅದೇ. ನನ್ನ ದನಿ ಕೇಳಿಯೂ ಕೇಳದ ಹಾಗೆ ಹೋದೆ ಎಂದು ನಂಬಿಕೊಂಡು ಮೂರು ತಿಂಗಳು ನಿನ್ನನ್ನು ದ್ವೇಷಿಸಿದೆ.

ಇನ್ನು ನೀನು ಎಲ್ಲಾದರೂ ಹೋಟೆಲಿನಲ್ಲಿ ಸಿಗೋಣ ಎನ್ನಬಹುದು. ನಾನು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು ಕಾಫಿ ಕುಡಿಯಬೇಕು. ಅದು ಬೇಡ. ನನ್ನನ್ನು ನೋಡಬೇಕಾದರೆ ಮಳಿಗೆಯಲ್ಲಿ, ಟೋಪಿ ಹಾಕಿಕೊಂಡು, ಗಂಟಲು ಹರಿಯುವ ಹಾಗೆ ಕೂಗುತ್ತಿರುವಾಗ ನೋಡಬೇಕು. ನಿನ್ನ ಕೈಲಿ ಆಗದಿದ್ದರೆ ಬರಬೇಡ. ಇದು ಕೋಪಕ್ಕೆ ಬರೆದದ್ದಲ್ಲ.

ಕ್ಷಮಾ

*

ಕೆಂಡಲ್ ಪಾರ್ಕ್
ಅಕ್ಟೋಬರ್ 9, 2024

ಚಿ. ಕ್ಷಮಾ,

ಆರು ತಿಂಗಳು ಬರೆಯಲಿಲ್ಲ. ಮುನಿಸಲ್ಲ. ನನ್ನ ಕೈಲಿ ಆಗುತ್ತದೆಯೋ ಇಲ್ಲವೋ ಗೊತ್ತಾಗದೆ ಏನು ಬರೆಯುವುದು? ಅಡುಗೆಮನೆಯಲ್ಲಿ ಹೇಳಿದ್ದು ನೆನಪಿದೆ. ಬಾಯಿಂದ ಬಿದ್ದ ಕೂಡಲೇ ತಪ್ಪೆಂದು ಗೊತ್ತಾಗಿತ್ತು, ಆದರೂ ನೀನು ಕಾರು ತೆಗೆಯುವವರೆಗೂ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಕ್ಷಮಿಸು ಎಂದು ಕೇಳುವ ಅಭ್ಯಾಸ ನನಗಿಲ್ಲ. ಈಗ ಕೇಳುತ್ತಿದ್ದೇನೆ.

ನಿನ್ನ ಷರತ್ತಿನ ವಿಷಯ. ಕಳೆದ ತಿಂಗಳು ಬಸಲಿಂಗಮ್ಮನನ್ನು ಕಟ್ಟಿಕೊಂಡು ಟ್ರೈನಿನಲ್ಲಿ ನ್ಯೂಯಾರ್ಕಿಗೆ ಹೋದೆ. ಕೆನಾಲ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಬ್ಯಾಗು, ಗಡಿಯಾರ ಹರಡಿಕೊಂಡು ಮಾರುತ್ತಾರಲ್ಲ, ಅಲ್ಲಿಗೆ. ಕಿವಿಯಲ್ಲಿ ಮಷೀನು ಹಾಕಿಕೊಂಡು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಆ ಬೀದಿಯ ಉದ್ದಕ್ಕೂ ನಡೆಯಬೇಕೆಂದು ಹಠ.

"ಏನ್ ಪರೀಕ್ಷಾ ಬರಿಯಾಕ ಬಂದೀರೇನ್ರಿ?" ಎಂದು ಬಸಲಿಂಗಮ್ಮ ನಕ್ಕರು.

"ಹೌದು ಕಣ್ರೀ, ಅದೇ," ಎಂದೆ.

ಮೊದಲ ದಿನ ಸೋತೆ. ನೋಡಿದವರಿಗೆಲ್ಲ ಇಲ್ಲ ಎನ್ನಲಾರದೆ ಮೂರು ಛತ್ರಿ, ಒಂದು ನಕಲಿ ಗಡಿಯಾರ ಹಿಡಿದುಕೊಂಡು ಮನೆಗೆ ಬಂದೆ. ಮಳೆಗಾಲವೂ ಅಲ್ಲ. ಎರಡನೇ ಸಲ ವಾಸಿ. ಮುಖ ನೋಡಿ, ನಕ್ಕು, ಬೇಡಪ್ಪ ಎಂದರೆ ಹೆಚ್ಚಿನವರು ತಾವೂ ನಕ್ಕು ಬಿಟ್ಟುಬಿಡುತ್ತಾರೆ. ಅರವತ್ತೇಳು ವರ್ಷ ಇದು ನನಗೆ ಗೊತ್ತಿರಲಿಲ್ಲ. ಒಬ್ಬಾಕೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಶಾಲು ಮಾರುತ್ತಿದ್ದಳು. ಅವಳ ಗಂಟಲು ಒಡೆದಿತ್ತು. ನನ್ನ ಬಿಸಿನೀರಿನ ಬಾಟಲಿ ಕೊಟ್ಟೆ. ನಿನ್ನ ಗಂಟಲಿಗೆ ಯಾರು ಏನು ಕೊಡುತ್ತಾರೋ ಎನ್ನಿಸಿತು.

ಜನವರಿ ಹದಿನಾರಕ್ಕೆ ಅದೇ ಹಡಗು ನಿನ್ನ ಊರಿಗೆ ಬರುತ್ತದೆ. ಟಿಕೆಟ್ ಮಾಡಿಸಿದ್ದೇನೆ. ಮಳಿಗೆಗೇ ಬರುತ್ತೇನೆ.

ಅಮ್ಮ

*

ಹಡಗಿನಿಂದ
ಜನವರಿ 16, 2025

ಕ್ಷಮಾ,

ಇದನ್ನು ಮುಂದಿನ ಊರಿನಲ್ಲಿ ಟಪಾಲಿಗೆ ಹಾಕುತ್ತೇನೆ.

ಬೆಳಿಗ್ಗೆ ಐದಕ್ಕೇ ಎದ್ದು ತಯಾರಾಗಿ ಕೂತಿದ್ದೆ. ಏಳೂವರೆಗೆ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ, ಗಾಳಿ ಜೋರಿದೆ, ಇಲ್ಲಿ ಹಡಗು ಕಟ್ಟಲಾಗುವುದಿಲ್ಲ, ಮುಂದಿನ ಊರಿಗೆ ಹೋಗುತ್ತಿದ್ದೇವೆ ಎಂದು. ಜನ ಪರವಾಗಿಲ್ಲ ಎಂದುಕೊಂಡು ದೋಸೆಯಂಥದ್ದು ಏನೋ ತಿನ್ನಲು ಹೋದರು. ನಾನು ಕೆಳಗಿನ ಕೌಂಟರಿಗೆ ಹೋಗಿ, ಸಣ್ಣ ದೋಣಿಯಲ್ಲಾದರೂ ಇಳಿಸಿ ಎಂದು ಜಗಳವಾಡಿದೆ. ಆ ಹುಡುಗಿ ಒಂದು ಗ್ಲಾಸು ಜ್ಯೂಸು ಕೊಟ್ಟಳು.

ಈ ಸಲವೂ ಜೊತೆಗೆ ಬಂದಿದ್ದ ಚಂದ್ರಶೇಖರರ ದುರ್ಬೀನು ಇಸಿದುಕೊಂಡು ರೇಲಿಂಗಿನ ಹತ್ತಿರ ನಿಂತೆ. ಗೇಟು ಕಂಡಿತು, ಟಾರ್ಪಾಲುಗಳು ಕಂಡವು, ಜನ ಇರುವೆಯಷ್ಟು. ಎಲ್ಲರೂ ನಿಂತು ಹಡಗನ್ನೇ ನೋಡುತ್ತಿದ್ದ ಹಾಗಿತ್ತು. ನಿನ್ನದು ಯಾವುದು ಎಂದು ನೀನು ಹೇಳಿರಲಿಲ್ಲ. ಒಂದೊಂದನ್ನೂ ಸರದಿಯಂತೆ ನೋಡಿದೆ. ಊರು ಮರೆಯಾಗುವವರೆಗೆ ಕೈ ಬೀಸಿದೆ. ನಿನಗೆ ಕಂಡಿರಲಾರದು.

ಅಮ್ಮ

*

ಬಂದರು ಪೇಟೆ
ಫೆಬ್ರವರಿ 8, 2025

ಅಮ್ಮ,

ನಮ್ಮದು ಹಳದಿ ಟಾರ್ಪಾಲು, ಗೇಟಿನಿಂದ ಎಡಗಡೆಗೆ ಮೂರನೆಯದು.

ಆವತ್ತು ಆರಕ್ಕೇ ಬಂದು ನಿಂತಿದ್ದೆ. ಮಿಸ್ ಆರ್ಲೀನ್ ಮನೆಯಿಂದ ನಿನಗೆಂದು ಕುರ್ಚಿ ಹೊತ್ತು ತಂದಿದ್ದಳು, ಬೆತ್ತದ ಕುರ್ಚಿ, ಅವಳ ಅಮ್ಮನದು. ಹಡಗು ಬಂತು, ನಿಂತಿತು, ತಿರುಗಿತು. ಹಡಗು ತಿರುಗಿದ ದಿನ ಇಲ್ಲಿ ಎಲ್ಲರೂ ಸಾಮಾನು ಕಟ್ಟಿ ಮನೆಗೆ ಹೋಗುತ್ತಾರೆ. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅತ್ತೆ. ಕೈ ಬೀಸಿದ್ದು ಕಾಣಲಿಲ್ಲ.

ಏಪ್ರಿಲ್ ಕಳೆದರೆ ಹಡಗುಗಳು ನಿಂತುಹೋಗುತ್ತವೆ. ಮುಂದಿನ ಜನವರಿಗೆ ನೋಡೋಣ. ಸಮುದ್ರದ ಮೇಲೆ ಹಠ ಮಾಡಲಾಗುವುದಿಲ್ಲ ಅಮ್ಮ. ನೀನು ಇಷ್ಟು ಪ್ರಯತ್ನಪಟ್ಟದ್ದೇ ಸಾಕು.

ಕ್ಷಮಾ

*

ಕೆಂಡಲ್ ಪಾರ್ಕ್
ಫೆಬ್ರವರಿ 21, 2025

ಚಿ. ಕ್ಷಮಾ,

ಸಾಕು ಎಂದು ಹೇಳಲು ನೀನು ಯಾರು? ಸಮುದ್ರ ಬೇಡವಾದರೆ ಆಕಾಶವಿದೆ. ನ್ಯೂಅರ್ಕ್ ಏರ್‌ಪೋರ್ಟಿನಿಂದ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೇನೆ. ಮಾರ್ಚ್ ಹದಿನೇಳರ ಸಂಜೆ ನಿನ್ನ ಊರಲ್ಲಿರುತ್ತೇನೆ. ವಾಪಸ್ಸು ಬರುವ ಟಿಕೆಟ್ ಇನ್ನೂ ಮಾಡಿಸಿಲ್ಲ. ಮನೆಯ ಬೀಗದ ಕೈ ಬಸಲಿಂಗಮ್ಮನ ಹತ್ತಿರ ಇರುತ್ತದೆ.

ಈಗ ನನ್ನದೂ ಒಂದು ಷರತ್ತು. ಏರ್‌ಪೋರ್ಟಿಗೆ ಬರಬೇಡ. ಆ ರಾತ್ರಿ ಗೆಸ್ಟ್‌ಹೌಸಿನಲ್ಲಿ ರೂಮು ಹಿಡಿದಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ಹದಿನೆಂಟು ಹಡಗು ಬರುವ ದಿನ, ವಿಚಾರಿಸಿಕೊಂಡಿದ್ದೇನೆ. ನೀನು ಎಂದಿನಂತೆ ಮಳಿಗೆ ತೆರೆದು, ಟೋಪಿ ಹಾಕಿಕೊಂಡು, ಹಾರಗಳನ್ನು ಕೈಗೆ ಏರಿಸಿಕೊಂಡು ನಿಂತಿರು. ಹಡಗಿನವರು ಇಳಿಯುವ ಮುಂಚೆ ನಾನು ಗೇಟಿನ ಕಡೆಯಿಂದ ನಡೆದು ಬರುತ್ತೇನೆ. ಸ್ವೆಟರ್ ಹಾಕಿಕೊಂಡೇ ಬರುತ್ತೇನೆ, ನಿನಗೆ ದೂರದಿಂದ ಗುರುತು ಸಿಗಲಿ. ಮೊಣಕೈ ಹೊಲಿಸಿಲ್ಲ.

ನನ್ನನ್ನು ಕಂಡ ಕೂಡಲೇ ಓಡಿ ಬರಬೇಡ. ಅಮ್ಮ ಎಂದೂ ಕರೆಯಬೇಡ. ಆವತ್ತು ಏನು ಕೂಗಿದೆಯೋ ಅದನ್ನೇ ಕೂಗು. ಮೇಡಂ, ನೋಡೋಕೆ ದುಡ್ಡಿಲ್ಲ ಎನ್ನು, ಗಂಟಲು ಹರಿಯುವ ಹಾಗೆ ಎನ್ನು. ನನ್ನ ಮಗಳು ಎರಡು ಸಲ ಕೂಗಿದ್ದನ್ನು ನಾನು ಕೇಳಿಸಿಕೊಂಡಿಲ್ಲ. ಈ ಸಲ ಎರಡೂ ಕಿವಿಯಲ್ಲಿ ಮಷೀನು ಇರುತ್ತದೆ, ಬ್ಯಾಟರಿ ಹೊಸದು. ನಾನು ನಿಲ್ಲುತ್ತೇನೆ. ತಲೆ ಎತ್ತಿ ನಿನ್ನ ಮುಖ ನೋಡುತ್ತೇನೆ.

ಬೆಳಗಿನ ಬೋಣಿ ನನ್ನದೇ ಆಗಬೇಕು, ಅದಕ್ಕೆ ಮೊದಲು ಯಾರಿಗೂ ಒಂದು ಹಾರವನ್ನೂ ಮಾರಬೇಡ. ಚೌಕಾಸಿ ಮಾಡದೆ ಬಿಡುವವಳಲ್ಲ ನಾನು, ಅದಕ್ಕೂ ತಯಾರಾಗಿರು. ಮಿಸ್ ಆರ್ಲೀನ್‌ಗೆ ಆ ಕುರ್ಚಿ ಇನ್ನೊಂದು ಸಲ ಹೊತ್ತು ತರಲು ಹೇಳು. ವ್ಯಾಪಾರ ಮುಗಿದ ಮೇಲೆ ನಾನು ಅಲ್ಲೇ ಕೂರುತ್ತೇನೆ.

ನಿನ್ನ ಆ ದಿನದ ಮೊದಲ ಗಿರಾಕಿ,
ಕೌಸಲ್ಯಾ